ನಾಲ್ಕನೆಯ ಸೀಟು

ಸೈಕಲ್ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಖರೀದಿಸಬಾರದು ಎಂಬುದನ್ನು ಕಲಿಯಲು ನನಗೆ ಮೂರು ಸೀಟು ಹಿಡಿದವು. ಅಂಗಡಿಗೆ ಹೋದವರೆಲ್ಲ ಮೊದಲು ಮಾಡುವುದೇ ಅದು, ಮಾವಿನಹಣ್ಣು ಒತ್ತಿ ನೋಡಿದ ಹಾಗೆ. ಮೆತ್ತಗಿದ್ದರೆ ಒಳ್ಳೆಯದು, ಗಟ್ಟಿಯಿದ್ದರೆ ಕೆಟ್ಟದ್ದು. ನಾನೂ ಹಾಗೇ ಒತ್ತಿದೆ. ಕೂರುವುದು ಹೆಬ್ಬೆರಳಲ್ಲ ಎಂಬುದು ಆಗ ಹೊಳೆಯಲಿಲ್ಲ.

ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಅಂಚೆ ಕಚೇರಿಯಲ್ಲಿ ನಾನು ಟಪಾಲು ಹಂಚುವವಳು. ನನ್ನ ಪಾಲಿಗೆ ಮೂರು ಹಳ್ಳಿ, ಒಂದು ತಾಂಡಾ. ದಿನಕ್ಕೆ ಹದಿನೆಂಟು ಕಿಲೋಮೀಟರ್ ಆಗುತ್ತದೆ, ಅದರಲ್ಲಿ ಹೆಚ್ಚಿನದು ಕಾಲುವೆಯ ದಂಡೆಯ ಮೇಲೆ. ಮನೆಯಲ್ಲಿರುವ ಒಂದೇ ಬೈಕನ್ನು ನಮ್ಮ ಮನೆಯವರು ಶಹಾಪುರದ ಹತ್ತಿ ಮಿಲ್ಲಿಗೆ ಒಯ್ಯುತ್ತಾರೆ. ನನಗಂತ ಅವರು ಯಾದಗಿರಿಯಿಂದ ಯಾರೋ ಓಡಿಸಿ ಬಿಟ್ಟ ಗೇರ್ ಸೈಕಲ್ ತಂದುಕೊಟ್ಟಿದ್ದರು. ದಪ್ಪ ಟೈರು, ಮುಂದಿನ ಗಾಲಿಗೆ ಸ್ಪ್ರಿಂಗು. ಎರೆಮಣ್ಣಿನ ಗಾಲಿಜಾಡು ಒಣಗಿ ಕಲ್ಲಾದಾಗಲೂ ಅದು ಹಾದುಹೋಗುತ್ತಿತ್ತು. ಸೀಟು ಮಾತ್ರ ಕಿರಿದು, ಮೂಗು ಉದ್ದ, ಮೇಲಿನ ರೆಕ್ಸಿನ್ ಸೀಳಿತ್ತು. ಒಂದೂವರೆ ವರ್ಷ ಅದರ ಮೇಲೆಯೇ ಓಡಾಡಿದೆ, ದೂರಲಿಲ್ಲ.

ಆಮೇಲೆ ಬಸಿರಾದೆ. ಮೂರು ತಿಂಗಳು ತುಂಬಿ ನಾಲ್ಕಕ್ಕೆ ಬಿದ್ದಿತ್ತು. ನಿಲ್ಲಲಿಲ್ಲ. ಟಪಾಲು ಮುಗಿಸಿ ಬಂದ ದಿನವೇ ಆದದ್ದರಿಂದ ತಪ್ಪು ಸೈಕಲ್ಲಿನ ಮೇಲೆ ಬಂತು. ಶಹಾಪುರದ ಲೇಡಿ ಡಾಕ್ಟರು, ಇದು ಸೈಕಲ್ಲಿನಿಂದ ಆದದ್ದಲ್ಲ, ಒಮ್ಮೊಮ್ಮೆ ಹೀಗಾಗುತ್ತದೆ, ಯಾರ ತಪ್ಪೂ ಇಲ್ಲ ಎಂದು ನನಗೂ ಮನೆಯವರಿಗೂ ಬಿಡಿಸಿ ಹೇಳಿದರು. ಕೇಳಿಸಿಕೊಂಡೆವು. ಮನೆಗೆ ಬಂದು ನೋಡಿದರೆ ಅತ್ತೆ ಸೈಕಲ್ಲನ್ನು ದನದ ಕೊಟ್ಟಿಗೆಗೆ ದಬ್ಬಿ, ಮೇಲೆ ಗೋಣಿಚೀಲ ಹೊದಿಸಿಬಿಟ್ಟಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ರಜೆ ಮುಗಿದಾಗ ನಾನೇ ಹೋಗಿ ಗೋಣಿಚೀಲ ತೆಗೆದೆ. ಮನೆಯವರು ಬಾಗಿಲಲ್ಲಿ ನಿಂತಿದ್ದರು.

"ಬ್ಯಾಡ ಅನ್ನಂಗಿಲ್ಲ ನಾ," ಎಂದರು. "ಆದ್ರ ಮತ್ತೇನಾರ ತ್ರಾಸ ಆತಂದ್ರ ನೌಕರಿ ಬಿಡಬೇಕು ನೋಡು. ಅವ್ವನ ಮುಂದ ನನಗ ಮಾತು ಬರಂಗಿಲ್ಲ."

"ಆಗ್ಲಿರಿ," ಎಂದೆ. ಹತ್ತನೆಯ ತರಗತಿಯ ಅಂಕದ ಮೇಲೆ ಸಿಕ್ಕ ಕೆಲಸ ಅದು. ನನ್ನ ಹೆಸರಿನಲ್ಲಿ ನನಗಿರುವುದು ಅದೊಂದೇ.

ಎರಡನೆಯ ವಾರದಿಂದ ಮರಗಟ್ಟುವುದು ಶುರುವಾಯಿತು. ಐದಾರು ಕಿಲೋಮೀಟರ್ ದಾಟಿದರೆ ಕೂತ ಜಾಗದ ಅರಿವೇ ಹೋಗಿಬಿಡುತ್ತಿತ್ತು. ಮೊದಲು ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ದಿನಗಳಲ್ಲಿ ನನಗೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಅರ್ಧ ಮಾತು ಮುಗಿದ ಮೇಲೆ ನನಗೇ ಹೇಳುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಅದರಲ್ಲಿ ಇದೂ ಒಂದು ಅಂದುಕೊಂಡೆ. ಆದರೆ ಇದು ಇಳಿದ ಮೇಲೂ ಬಿಡಲಿಲ್ಲ, ಸಂಜೆಯವರೆಗೆ ಹಾಗೇ ಉಳಿಯತೊಡಗಿತು. ಒಂದು ದಿನ ಬಚ್ಚಲಿಗೆ ಹೋದರೆ ಮೂತ್ರ ಆದದ್ದೇ ತಿಳಿಯಲಿಲ್ಲ. ಆಗ ಹೆದರಿದೆ.

ಯಾರಿಗೂ ಹೇಳದೆ ಶಹಾಪುರದ ಬಸ್ಸು ಹತ್ತಿ ಅದೇ ಡಾಕ್ಟರ ಹತ್ತಿರ ಹೋದೆ. ಅವರು ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

"ಇಲ್ಲಿ ನೋಡು. ಕುಂಡ್ರೋ ಕಡೆ ಎರಡು ಎಲುಬು ಇರ್ತಾವ. ಭಾರ ಅವುಗಳ ಮ್ಯಾಲ ಬೀಳಬೇಕು. ನಿನ್ನ ಭಾರ ನಡುವ ಬಿದ್ದು ನರ ಒತ್ತಾಕತ್ತದ. ಸೀಟು ಬದ್ಲಿ ಮಾಡು."

"ಮಾಡಿದ್ರ ಸರಿ ಆಗ್ತದೇನ್ರಿ?"

"ಎರಡು ತಿಂಗಳು ನೋಡೋಣು. ಅಷ್ಟರಾಗ ಇಳೀಲಿಲ್ಲಂದ್ರ ಸೈಕಲ್ ಬಿಡಬೇಕಾಗ್ತದಮ್ಮಾ. ನರದ ವಿಷಯ ಆಟ ಅಲ್ಲ."

ಸೈಕಲ್ ಬಿಡುವುದೆಂದರೆ ಕೆಲಸ ಬಿಡುವುದು. ತ್ರಾಸವಾಗಿದೆ ಎಂದು ಮನೆಯಲ್ಲಿ ಬಾಯಿಬಿಟ್ಟರೆ ಎರಡು ತಿಂಗಳೂ ಸಿಗುವುದಿಲ್ಲ. ಆದ್ದರಿಂದ ಸುಮ್ಮನೆ, ಯಾರಿಗೂ ತಿಳಿಯದ ಹಾಗೆ ಒಂದು ಸೀಟು ಹುಡುಕಬೇಕಾಗಿತ್ತು. ನನ್ನ ಕೈಗೆಟುಕುವ ಬೆಲೆಯದು, ಕೂರಲು ಬರುವಂಥದ್ದು, ನಮ್ಮ ಬಿಸಿಲಿಗೆ ಒಂದೆರಡು ವರ್ಷವಾದರೂ ತಡೆಯುವಂಥದ್ದು.

ಟಪಾಲಿನ ಡೈರಿಯ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಶುರು ಮಾಡಿದೆ. ನನ್ನ ದಾರಿಯಲ್ಲಿ ಕಾಲುವೆಗೆ ಮೂರು ಸೇತುವೆಗಳಿವೆ. ಯಾವ ಸೇತುವೆಯ ಹತ್ತಿರ ಮರಗಟ್ಟುತ್ತದೆ ಎಂದು ದಿನಾ ಬರೆದಿಡುವುದು. ಹಳೆಯ ಸೀಟಿನದು ಎಲ್ಲ ದಿನವೂ ಒಂದೇ: ಎರಡನೆಯ ಸೇತುವೆ.

ಮೊದಲು ಹೋದದ್ದು ಯಾದಗಿರಿಗೆ, ಸ್ಟೇಷನ್ ಕಡೆಯ ದೊಡ್ಡ ಅಂಗಡಿಗೆ. ಗೋಡೆಯ ತುಂಬ ಸೀಟು. ಮಾಲೀಕ ಒಂದನ್ನು ಇಳಿಸಿ ಮುಂದಿಟ್ಟ. ಒಳಗೆ ಜೆಲ್ ಅಂತೆ. ಹೆಬ್ಬೆರಳು ಒತ್ತಿದರೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು, ಎತ್ತಿದರೆ ಮೆಲ್ಲಗೆ ಮೇಲೆ ಬಂತು. ನನಗೆ ಅದೇ ಸಾಕಾಯಿತು. ಅಗಲ ನೋಡಲಿಲ್ಲ, ಅಡಿಯ ಕಂಬಿ ನೋಡಲಿಲ್ಲ, ಹೊಲಿಗೆ ಎಲ್ಲಿ ಬಂದಿದೆ ಎಂದೂ ನೋಡಲಿಲ್ಲ. ಒಂದು ಒಳ್ಳೆಯ ಸೀರೆಯ ಬೆಲೆ ಕೊಟ್ಟು ಬಂದೆ.

ಮೊದಲ ಅರ್ಧ ಗಂಟೆ ಸುಖವಾಗಿತ್ತು. ಆಮೇಲೆ ನಾನು ಸೀಟಿನೊಳಗೆ ಇಳಿಯುತ್ತಾ ಹೋದೆ. ಎಲುಬುಗಳು ಕೆಳಗಿಳಿದಷ್ಟೂ ನಡುವಿನ ಜೆಲ್ ಉಬ್ಬಿ ಮೇಲೆ ಬಂದು, ಎಲ್ಲಿ ಒತ್ತಬಾರದೋ ಅಲ್ಲೇ ಒತ್ತಿತು. ಹನ್ನೊಂದರ ಬಿಸಿಲಿಗೆ ಒಳಗಿನದು ಕಾದು ಹಂಚಿನ ಹಾಗಾಗುತ್ತಿತ್ತು. ಡೈರಿಯಲ್ಲಿ ಬರೆದದ್ದು: ಮೊದಲನೆಯ ಸೇತುವೆ. ಮೂರು ವಾರಕ್ಕೆ ತೊಡೆ ಉಜ್ಜುವ ಅಂಚಿನಲ್ಲಿ ಹೊಲಿಗೆ ಬಿಚ್ಚಿಕೊಂಡಿತು. ಅದು ನನ್ನ ಎರಡನೆಯ ಸೀಟು.

ಮುಂದೆ ಸುರಪುರದ ಮಿಸ್ತ್ರಿ ಚಾಚಾನ ಅಂಗಡಿ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಚಪ್ಪರ, ಪಂಕ್ಚರ್ ನೋಡಲು ನೀರು ತುಂಬಿದ ಒಂದು ಕಬ್ಬಿಣದ ಬುಟ್ಟಿ, ನೆತ್ತಿಯ ಮೇಲೆ ನೇತಾಡುವ ಟೈರುಗಳು. ಚಾಚಾ ವಯಸ್ಸಾದ ಮನುಷ್ಯ. ಪಾನಾ ಹಿಡಿದರೆ ಗಿರಾಕಿಯ ಮುಖ ನೋಡುವುದಿಲ್ಲ, ಸೈಕಲ್ಲಿನ ಮುಖ ನೋಡುತ್ತಾರೆ.

"ಏನ್ ತಕ್ಲೀಫ್, ಬೇಟಿ?"

ಇಲ್ಲಿ ನಾನು ಇಡೀ ವ್ಯವಹಾರ ಕೆಡಿಸಿದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕತ್ತಿನ ಕೆಳಗೆ ಎಲ್ಲಿ ನೋವಾದರೂ ಗಂಡಸರ ಮುಂದೆ ಅದಕ್ಕೆ ಇರುವ ಹೆಸರು ಒಂದೇ.

"ಸೊಂಟ ನೋಯ್ತದ್ರಿ, ಚಾಚಾ," ಎಂದೆ.

ಅವರು ಸೊಂಟಕ್ಕೆ ಮದ್ದು ಮಾಡಿದರು. ಹ್ಯಾಂಡಲ್ ನಾಲ್ಕು ಬೆರಳು ಎತ್ತರಿಸಿದರು. ಸೀಟಿನ ಕಂಬ ಕೆಳಗಿಳಿಸಿದರು. ಬೆನ್ನು ನೆಟ್ಟಗಾಯಿತು, ಭಾರವೆಲ್ಲ ಹಿಂದೆ ಬಂತು. ಮೇಲಿಂದ ಹಳೆಯ ಕಾಲದ ದೊಡ್ಡ ಸೈಕಲ್ಲಿನ ಅಗಲವಾದ ಸ್ಪ್ರಿಂಗ್ ಸೀಟು ಕೂರಿಸಿದರು. ಅದರ ಹಿಡಿಕೆ ನನ್ನ ಸೈಕಲ್ಲಿನ ಕಂಬಕ್ಕೆ ಹೊಂದಲಿಲ್ಲ. ನಡುವೆ ತಗಡಿನ ಪಟ್ಟಿ ಸುತ್ತಿ ಬಿಗಿದರು.

"ನಮ್ಮ ಕಾಲದಾಗ ಈ ಸೀಟಿನ ಮ್ಯಾಲ ಹೈದ್ರಾಬಾದ್ ತನಕ ಹೋಗಿ ಬರ್ತಿದ್ರು," ಎಂದರು.

ಹೋಗಿಬಂದಿರಬಹುದು. ನನಗೆ ಅದು ಎರಡನೆಯ ಸೇತುವೆ ದಾಟಿಸಿತು, ಅಷ್ಟು ಒಪ್ಪಬೇಕು. ಮೂರನೆಯದರ ಹತ್ತಿರ ಮತ್ತೆ ಹಿಡಿಯಿತು. ಅಲ್ಲದೆ ಅದರ ಅಗಲವಾದ ಮುಂಭಾಗಕ್ಕೆ ಪ್ರತಿ ತುಳಿತದಲ್ಲೂ ತೊಡೆ ಉಜ್ಜಿ ಎರಡೂ ಕಡೆ ಹುಣ್ಣಾದವು. ಕಾಲುವೆ ದಂಡೆಯ ಕುಲುಕಾಟಕ್ಕೆ ತಗಡಿನ ಪಟ್ಟಿ ಸವೆದು, ಒಂದು ದಿನ ರಿಜಿಸ್ಟರ್ ಟಪಾಲುಗಳ ಚೀಲದ ಸಮೇತ ಸೀಟು ಹಿಂದಕ್ಕೆ ವಾಲಿತು. ನಾನು ಬೀಳಲಿಲ್ಲ. ಕಾಗದಗಳು ಬಿದ್ದವು, ಒಂದೊಂದಾಗಿ ಆರಿಸಿಕೊಂಡೆ. ಆರಿಸುವಾಗ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಬರಬೇಕಿತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿತು, ಅಷ್ಟೇ.

ಹಳೆಯ ಕಿರಿದಾದ ಸೀಟನ್ನೇ ಮತ್ತೆ ಹಾಕಿಸಿಕೊಂಡು, ಈ ಸಲ ನನ್ನದೇ ಬುದ್ಧಿ ಓಡಿಸಿದೆ. ಮನೆಯಲ್ಲಿ ಹಳೆಯ ಕೌದಿಯೊಂದಿತ್ತು. ಅದರ ಮೂಲೆ ಕತ್ತರಿಸಿ, ನಾಲ್ಕು ಪದರು ಮಾಡಿ, ಸೀಟಿನ ಅಳತೆಗೆ ಹೊಲಿದು, ಲಾಡಿಯಿಂದ ಕಟ್ಟಿದೆ. ದಪ್ಪವಾದಷ್ಟೂ ಒಳ್ಳೆಯದೆಂದು ನನ್ನ ತಲೆಯಲ್ಲಿ ಇನ್ನೂ ಕೂತಿತ್ತು. ಪದರುಗಳು ಬೆವರಿಗೆ ನೆನೆದು ನಡುವೆ ಗಂಟಾದವು. ಆ ವಾರ ಮೊದಲನೆಯ ಸೇತುವೆಗೂ ಮುಂಚೆಯೇ ಮರಗಟ್ಟಿತು. ಡೈರಿಯಲ್ಲಿ ಬರೆಯಲು ಜಾಗದ ಹೆಸರೇ ಇರಲಿಲ್ಲ, "ಜಾಲಿಗಿಡ" ಎಂದು ಬರೆದೆ.

ಅದೇ ವಾರ ತಾಂಡಾದಲ್ಲಿ ಒಬ್ಬ ಮುದುಕಿಗೆ ಪಿಂಚಣಿ ಕೊಡುವುದಿತ್ತು. ಹತ್ತಿ ಬಿಡಿಸಿ ಬಿಡಿಸಿ ಅವಳ ಹೆಬ್ಬೆಟ್ಟಿನ ಗೆರೆಗಳು ಸವೆದುಹೋಗಿವೆ. ಮಷಿನ್ ಅವಳನ್ನು ಯಾವ ತಿಂಗಳೂ ಮೊದಲ ಸಲಕ್ಕೆ ಒಪ್ಪಿದ್ದಿಲ್ಲ. ಒದ್ದೆ ಬಟ್ಟೆಯಿಂದ ಬೆರಳು ಒರೆಸಿ ನಾಲ್ಕನೆಯ ಸಲ ಒತ್ತಿಸುತ್ತಿದ್ದೆ.

"ನಾ ಇದ್ದೀನೋ ಇಲ್ಲೋ ಅಂತ ಈ ಡಬ್ಬಿ ಕೇಳ್ತದೇನವ್ವಾ?" ಎಂದಳು. "ಹೇಳು ಅದಕ, ಇದ್ದಾಳ ಅಂತ. ಬಾ, ಹೊರಸಿನ ಮ್ಯಾಲ ಕುಂಡ್ರು ನೀನೂ."

"ನಿಂತಿರ್ತೀನಿ ಬಿಡಮ್ಮಾ," ಎಂದೆ. ಕೂತರೆ ಹೊರಸಿನ ಹಗ್ಗ ತಾಗಿದ್ದು ನನಗೆ ತಿಳಿಯುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ. ಮಷಿನ್ ಐದನೆಯ ಸಲಕ್ಕೆ ಅವಳನ್ನು ಒಪ್ಪಿತು.

ಡಾಕ್ಟರು ಹೇಳಿದ ಎರಡು ತಿಂಗಳಲ್ಲಿ ಹದಿನೆಂಟು ದಿನ ಉಳಿದಿದ್ದವು. ಮತ್ತೆ ಚಾಚಾನ ಚಪ್ಪರಕ್ಕೆ ಹೋದೆ. ಅವರು ಕೌದಿಯ ಗಂಟು ನೋಡಿದರು, ಪಾನಾ ಕೆಳಗಿಟ್ಟರು.

"ಬೇಟಿ, ಇದು ಸೊಂಟದ ಬೇಮಾರಿ ಅಲ್ಲ. ಸೊಂಟ ನೋಯೋರು ಕೌದಿ ಹಾಕಂಗಿಲ್ಲ. ಖರೇ ಹೇಳು, ಎಲ್ಲಿ ತಕ್ಲೀಫ್?"

ಚಪ್ಪರದಲ್ಲಿ ನಾವಿಬ್ಬರೇ ಇದ್ದೆವು. ನಾನು ನೀರಿನ ಬುಟ್ಟಿಯನ್ನೇ ನೋಡುತ್ತಾ ಹೇಳಿದೆ. ಕೂತ ಜಾಗ, ನಡುವೆ, ಅರಿವಿರುವುದಿಲ್ಲ, ಸಂಜೆಯವರೆಗೆ. ಡಾಕ್ಟರು ಎಲುಬಿನ ವಿಷಯ ಹೇಳಿದ್ದನ್ನೂ ಹೇಳಿದೆ. ಚಾಚಾ ಒಂದು ರಿಮ್ ಎತ್ತಿಕೊಂಡು, ಅದನ್ನೇ ತಿರುಗಿಸಿ ನೋಡುತ್ತಾ ಕೇಳಿಸಿಕೊಂಡರು.

"ಇದನ್ನ ಅವತ್ತೇ ಹೇಳಿದ್ರ ನಿನಗ ಆ ಸ್ಪ್ರಿಂಗ್ ಸೀಟು ಹಾಕ್ತಿದ್ದಿಲ್ಲ ನಾ," ಎಂದರು. "ಅಳತಿ ಬೇಕು. ಆ ಎರಡು ಎಲುಬಿನ ನಡುವ ಎಷ್ಟು ಅದ, ಅದು. ಹಸಿ ಹಿಟ್ಟಿನ ಮ್ಯಾಲರ ಮಣ್ಣಿನ ಮ್ಯಾಲರ ಕುಂತ್ರ ಎರಡು ಕುಳಿ ಬೀಳ್ತಾವ. ಮನ್ಯಾಗ ಯಾರರ ಹೆಣ್ಣಮಕ್ಕಳ ಕಡೀಂದ ಅಳತಿ ಹಿಡಿಸ್ಕೊಂಡು ಬಾ. ಒಬ್ಬಾಕಿಗೇ ಆಗಂಗಿಲ್ಲ ಅದು. ಏಳಬೇಕಾದ್ರ ಕೆಡಸ್ತಿ."

ನಮ್ಮ ಮನೆಯಲ್ಲಿ ಇನ್ನೊಬ್ಬ ಹೆಣ್ಣುಮಗಳು ಅಂದರೆ ಅತ್ತೆ.

ಬಸ್ಸಿನಲ್ಲಿ ಸೈಕಲ್ ಹೇರಿಸದೆ ತುಳಿದುಕೊಂಡೇ ಮನೆಗೆ ಬಂದೆ. ದಾರಿಯುದ್ದಕ್ಕೂ ಬೇರೆ ಯಾರಿದ್ದಾರೆ ಎಂದು ಯೋಚಿಸಿದೆ. ತವರು ದೂರ. ಓಣಿಯವರಿಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಕೊನೆಗೆ, ಹೇಳಿದರೂ ಕೆಲಸ ಹೋಗುತ್ತದೆ, ಹೇಳದಿದ್ದರೂ ಹದಿನೆಂಟು ದಿನಕ್ಕೆ ಹೋಗುತ್ತದೆ, ಹೇಳಿಯೇ ಹೋಗಲಿ ಎಂದು ತೀರ್ಮಾನಿಸಿದೆ. ಧೈರ್ಯದಿಂದ ಮಾಡಿದ ತೀರ್ಮಾನವಲ್ಲ ಅದು. ಹೆದರುವಷ್ಟು ಜೀವ ನನ್ನಲ್ಲಿ ಇರಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದರು. ಎಲ್ಲ ಹೇಳಿದೆ, ಮರಗಟ್ಟುವುದು, ಡಾಕ್ಟರು, ಮೂರು ಸೀಟು, ಚಾಚಾನ ಮಾತು. ಅವರ ಕೈ ಒಮ್ಮೆ ನಿಂತು ಮತ್ತೆ ನಾದತೊಡಗಿತು. ಬೇರೇನು ಮಾಡಬೇಕೆಂದು ತೋಚದೆ ನಾನು ಆ ಹಿಟ್ಟನ್ನೇ ನೋಡುತ್ತಿದ್ದೆ.

"ಇದರ ಮ್ಯಾಲ ಕುಂಡ್ರಬೇಕಂತೀ ಏನು?" ಎಂದರು.

"ಸ್ವಲ್ಪ ಸಾಕ್ರಿ, ಅತ್ತಿ."

"ಹುಚ್ಚಿ. ಇದು ಅನ್ನ. ಅನ್ನದ ಮ್ಯಾಲ ಕುಂಡ್ರತಾರೇನು ಯಾರರ?"

ಕೈ ತೊಳೆದುಕೊಂಡು ಹಿತ್ತಲಿಗೆ ಹೋದರು. ಸಿಟ್ಟಾದರು, ಮುಗಿಯಿತು ಎಂದುಕೊಂಡೆ. ಒಲೆ ಸಾರಿಸಲು ಇಟ್ಟಿದ್ದ ಎರೆಮಣ್ಣನ್ನು ಒಂದು ಬುಟ್ಟಿ ತಂದರು. ನೀರು ಚಿಮುಕಿಸಿ, ರೊಟ್ಟಿಯ ಹಿಟ್ಟಿನ ಹದಕ್ಕೇ ನಾದಿ, ಮಣೆಯ ಮೇಲೆ ಎರಡು ಬೆರಳು ದಪ್ಪ ಬಡಿದು ಸಮ ಮಾಡಿದರು. ಮೇಲೆ ಹಳೆಯ ಸೀರೆಯ ತುಂಡು ಹಾಸಿದರು. ಬಾಗಿಲ ಅಗುಳಿ ಹಾಕಿದರು.

"ಕುಂಡ್ರು. ಬೆನ್ನು ಸ್ವಲ್ಪ ಮುಂದ ಬಗ್ಗಿಸು, ಸೈಕಲ್ ಮ್ಯಾಲ ಬಗ್ಗಿದಂಗ. ಮಿಸುಕಬ್ಯಾಡ."

ಕೂತೆ. ಎದ್ದು ಬರುವಾಗ ಕಂಕುಳಿಗೆ ಕೈಕೊಟ್ಟು ಅವರೇ ನೆಟ್ಟಗೆ ಎತ್ತಿದರು. ಬಟ್ಟೆ ಸರಿಸಿದರೆ ಮಣ್ಣಿನಲ್ಲಿ ಎರಡು ಕುಳಿ ಸ್ಪಷ್ಟವಾಗಿ ಮೂಡಿದ್ದವು. ಅತ್ತೆ ಕಸಬರಿಗೆಯಿಂದ ಒಂದು ಕಡ್ಡಿ ಎಳೆದು, ಒಂದು ಕುಳಿಯ ನಡುವಿನಿಂದ ಇನ್ನೊಂದರ ನಡುವಿಗೆ ಇಟ್ಟು, ಉಗುರಿನಿಂದ ಗುರುತು ಮಾಡಿ ಮುರಿದರು. ಮೂರು ಸಲ ಕೂರಿಸಿ ಮೂರು ಸಲ ಅಳೆದರು. ಆಮೇಲೂ ಅವರು ಆ ಕುಳಿಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂತೇ ಇದ್ದರು. ನನಗೆ ಅದು ವಿಚಿತ್ರವೆನಿಸಿತು.

"ಅವನಿಗೇನೂ ಹೇಳಬ್ಯಾಡ," ಎಂದರು. ಆ ಮಣ್ಣಿನಿಂದಲೇ ಒಲೆ ಸಾರಿಸಿದರು.

ಮರುದಿನ ಕಡ್ಡಿಯನ್ನು ಡೈರಿಯಲ್ಲಿಟ್ಟುಕೊಂಡು ಹೋದೆ. ಚಾಚಾ ಅದನ್ನು ತಮ್ಮ ಟೇಪಿಗೆ ಹಿಡಿದರು, ಹದಿಮೂರು ಸೆಂಟಿಮೀಟರ್‌ಗೆ ಒಂದು ನೂಲು ಕಡಿಮೆ. ಹಿಂದಿನಿಂದ ಒಂದು ಚೀಲ ತಂದು ಸುರಿದರು. ಹತ್ತಿಪ್ಪತ್ತು ಸೀಟು, ಬಹಳಷ್ಟು ಹೊಸವೇ.

"ಗೇರ್ ಸೈಕಲ್ ತಗೊಂಡವ್ರು ಮೊದಲ ದಿನಾನೇ ಬಂದು ಬಿಚ್ಚಿಸ್ತಾರ. ಬೆರಳು ಒತ್ತಿ ನೋಡ್ತಾರ, ಗಟ್ಟಿ ಅದ ಅಂತಾರ, ಜೆಲ್ ಹಾಕ್ರಿ ಅಂತಾರ. ನಿನ್ನಂಗ."

ಕಡ್ಡಿಗೆ ಎರಡೂ ಕಡೆ ಒಂದೊಂದು ಬೆರಳು ಸೇರಿಸಿ, ಸೀಟಿನ ಹಿಂಭಾಗಕ್ಕೆ ಅಡ್ಡ ಹಿಡಿದು ನೋಡುತ್ತಾ ಹೋದರು. ಎಲುಬು ಅಂಚಿಗೆ ಬರುವಂಥವನ್ನೆಲ್ಲ ಪಕ್ಕಕ್ಕೆ ಎಸೆದರು. ನಾಲ್ಕು ಉಳಿದವು. ಅವುಗಳಲ್ಲಿ ನಡುವೆ ಉದ್ದಕ್ಕೆ ಕಾಲುವೆಯ ಹಾಗೆ ತಗ್ಗು ಇದ್ದವು ಎರಡು. ಆ ಎರಡನ್ನೂ ಬೋರಲು ಹಾಕಿ ಅಡಿಯ ಕಂಬಿಗಳನ್ನು ಕಲ್ಲುಚಪ್ಪಡಿಯ ಮೇಲಿಟ್ಟರು. ಒಂದು ಅಲುಗಾಡಿತು, ಕಂಬಿ ಸೊಟ್ಟ. ಇನ್ನೊಂದು ನೆಟ್ಟಗೆ ಕೂತಿತು. ಅದರ ಹೊದಿಕೆಗೆ ಅಂಚಿನಲ್ಲಿ ಹೊಲಿಗೆಯೇ ಇರಲಿಲ್ಲ, ಒಂದೇ ತುಂಡು, ಅಡಿಗೆ ಮಡಚಿ ಅಂಟಿಸಿದ್ದು. ನಾನು ಅಭ್ಯಾಸಬಲದಿಂದ ಹೆಬ್ಬೆರಳು ಒತ್ತಿದೆ. ಹಲಗೆಯಂತಿತ್ತು.

"ಇದರ ಮ್ಯಾಲ ಹೆಂಗ ಕುಂಡ್ರಲಿ, ಚಾಚಾ?"

"ಎಲುಬು ಇಟ್ಟು ಕುಂಡ್ರು. ಮಾಂಸ ಇಟ್ಟು ಕುಂಡ್ರಬ್ಯಾಡ."

ಹಿಮ್ಮಡಿ ಪೆಡಲಿಗೆ ಇಟ್ಟಾಗ ಕಾಲು ನೆಟ್ಟಗಾಗುವಷ್ಟು ಎತ್ತರ ಮಾಡಿದರು. ಅರ್ಧ ನೀರಿದ್ದ ಬಾಟಲಿಯನ್ನು ಸೀಟಿನ ಮೇಲೆ ಮಲಗಿಸಿ ಮಟ್ಟ ನೋಡಿ, ಮೂಗನ್ನು ಕೂದಲೆಳೆಯಷ್ಟು ಕೆಳಗಿಳಿಸಿದರು. ಬೇಡವೆಂದು ಬಿಟ್ಟುಹೋದ ಸಾಮಾನು ಎಂದು ಚಹಾದ ದುಡ್ಡಷ್ಟೇ ತೆಗೆದುಕೊಂಡರು.

"ಹದಿನೈದು ದಿನ ಎಲುಬು ನೋಯ್ತಾವ," ಎಂದರು. "ನೋಯ್ಲಿ. ನೋವು ಎಲುಬಿನ ಮ್ಯಾಲೇ ಬಂತಂದ್ರ ಸೀಟು ಬರೋಬ್ಬರಿ ಅದ ಅಂತ ತಿಳ್ಕೊ."

ಮೊದಲ ದಿನ ಮೂರನೆಯ ಸೇತುವೆ. ನಾಲ್ಕನೆಯ ದಿನ ಊರು ಮುಟ್ಟುವಾಗ ಸ್ವಲ್ಪ ಜೋಮು. ಎಂಟನೆಯ ದಿನದಿಂದ ಡೈರಿಯಲ್ಲಿ ಬರೆಯುವುದು ಏನೂ ಉಳಿಯಲಿಲ್ಲ, "ಇಲ್ಲ" ಎಂದಷ್ಟೇ ಬರೆದೆ. ಎಲುಬು ಮಾತ್ರ ಸಣ್ಣಗೆ ನೋಯುತ್ತಿದ್ದವು. ಡಾಕ್ಟರ ಹತ್ತಿರ ಹೋದಾಗ ಪರೀಕ್ಷಿಸಿ, ಓಡಿಸು ಹೋಗು ಎಂದರು. ಸಂತೋಷವಾಗಬೇಕಿತ್ತು. ಆಯಿತು ಎಂದು ಹೇಳಲಾರೆ. ಕೆಲಸ ಉಳಿಯಿತು ಎಂಬ ಸುದ್ದಿಯನ್ನು ಯಾರದೋ ಕಾಗದ ಓದಿದ ಹಾಗೆ ಓದಿಕೊಂಡೆ. ದೇಹದ ಜೋಮು ಬಿಟ್ಟಿತ್ತು, ಒಳಗಿನದು ಬಿಟ್ಟಿರಲಿಲ್ಲ.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಸೀಟಿನ ಬೋಲ್ಟು ಬಿಗಿಯುತ್ತಿದ್ದೆ. ಅತ್ತೆ ಕಟ್ಟೆಯ ಮೇಲೆ ಕೂತು ಜೋಳ ಕೇರುತ್ತಿದ್ದರು. ಪಕ್ಕದ ಮನೆಯಾಕೆ ನೀರಿನ ಕೊಡ ಹೊತ್ತು ಹೋಗುತ್ತಿದ್ದವಳು ನಿಂತಳು.

"ಏನವ್ವಾ, ಸೊಸೀನ ಮತ್ತ ಸೈಕಲ್ ಮ್ಯಾಲ ಕಳಸಾಕತ್ತೀ? ಒಂದು ಕಳಕೊಂಡಿದ್ದು ಸಾಕಾಗ್ಲಿಲ್ಲೇನು?"

ನನ್ನ ಕೈಯಲ್ಲಿ ಪಾನಾ ನಿಂತಿತು. ಅತ್ತೆ ಮೊರದಿಂದ ತಲೆ ಎತ್ತಲಿಲ್ಲ.

"ನನ್ನವು ಎರಡು ಹ್ವಾದುವು," ಎಂದರು. "ಈ ಮಗನಕಿಂತ ಮೊದಲ. ನಾ ಯಾವ ಸೈಕಲ್ ಹತ್ತಿದ್ದೆ?"

ಕೊಡ ಹೊತ್ತವಳು ಏನೋ ಗೊಣಗಿ ಮುಂದೆ ಹೋದಳು. ನನಗೆ ಇದು ಗೊತ್ತಿರಲಿಲ್ಲ. ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಇಷ್ಟು ವರ್ಷ ಅವರು ಯಾರಿಗೂ ಹೇಳದ ಮಾತು ಅದು. ಅವರು ಕಲ್ಲು ಆರಿಸಿ ಅಂಗಳಕ್ಕೆ ಎಸೆದು ನನ್ನತ್ತ ನೋಡಿದರು.

"ನಿಂತಿ ಯಾಕ? ಹೊತ್ತಾತು, ಹೋಗು. ಮಂದಿ ಕಾಗದ ಕಾಯ್ತಿರ್ತಾರ."

ಹೊರಟೆ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ದಂಡೆಯ ಕುಲುಕಾಟ ಒಂದೊಂದೂ ಸೀಟಿನಿಂದ ಎಲುಬಿಗೆ ಬಂದು ಮುಟ್ಟುತ್ತಿತ್ತು. ಮೊದಲನೆಯ ಸೇತುವೆ ದಾಟಿದೆ. ಎರಡನೆಯದರ ಹತ್ತಿರ ಇಳಿದು ಸೈಕಲ್ಲನ್ನು ಕಟ್ಟೆಗೆ ಒರಗಿಸಿದೆ. ನಾಲ್ಕು ತಿಂಗಳ ಕಣ್ಣೀರು ಅಲ್ಲಿ ಬಂತು. ದನಿ ಮಾಡಿಕೊಂಡೇ ಬಂತು, ಸೆರಗು ಕಚ್ಚಿ ತಡೆಯಲಿಲ್ಲ. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವರು ನಿಂತು ನೋಡಿ, ಮತ್ತೆ ಬಗ್ಗಿ ತಮ್ಮ ಕೆಲಸ ಮಾಡಿದರು.

ಮುಖ ತೊಳೆದುಕೊಂಡು ಡೈರಿ ತೆಗೆದು ಆ ದಿನದ ಸಾಲಿನಲ್ಲಿ ಬರೆದೆ: ಎರಡನೆಯ ಸೇತುವೆ. ನೋಯುತ್ತಿದೆ.